ಟೋಪಿ ಎತ್ತಿದ ಹಣ್ಣು

ಫೆಬ್ರವರಿ 11, ಬೆಳಗ್ಗೆ 9.15

ಮತ್ತೆ ಹುಲ್ಲು. ನಿನ್ನೆ ಆರು ಪಾತಿ, ಇವತ್ತು ಆರು. ಹಿತ್ತಲಿನ ಹನ್ನೆರಡೂ ಪಾತಿಗೆ ಒಣಹುಲ್ಲು ಹಾಸಿದ್ದಾಯಿತು. ಹಣ್ಣು ಮಣ್ಣಿಗೆ ತಾಗಬಾರದಂತೆ. ತಾಗಿದರೆ ಒಂದೇ ದಿನಕ್ಕೆ ಕೊಳೆ ಹಿಡಿಯುತ್ತದಂತೆ. ಸ್ಟ್ರಾಬೆರಿಗೆ ಹಾಸಿದ ಈ ಹಾಸಿಗೆ ನನ್ನ ಮಂಚದ ಗಾದಿಗಿಂತ ಮೆತ್ತಗಿದೆ. ಮಾವನಿಗೆ ಅದನ್ನೇ ಹೇಳಿದೆ.

"ಹಾಗಾದ್ರೆ ಇಲ್ಲೇ ಮಲಗಿ. ಬಸವನಹುಳ ಕಾಯೋಕೆ ಒಬ್ಬರು ಬೇಕಾಗಿತ್ತು" ಎಂದರು.

ಸೊಂಟ ನನ್ನದಲ್ಲ ಅನ್ನಿಸುತ್ತಿದೆ. ಹನ್ನೊಂದು ವರ್ಷ ಪ್ರೆಸ್ಸಿನಲ್ಲಿ ಕುರ್ಚಿಗೆ ಅಂಟಿ ಪ್ರೂಫ್ ನೋಡಿದ ಸೊಂಟ ಅದು. ಈಗ ಬಗ್ಗು ಎಂದರೆ ಎಲ್ಲಿ ಬಗ್ಗೀತು.

ಪ್ರೆಸ್ ಮುಚ್ಚಿ, ಬಾಡಿಗೆ ಮನೆ ಬಿಟ್ಟು, ಇವಳ ತವರಿಗೆ ಬಂದು ಇವತ್ತಿಗೆ ನಾಲ್ಕು ತಿಂಗಳು. 'ಸ್ವಲ್ಪ ದಿನಕ್ಕೆ' ಎಂದು ಬಂದದ್ದು. ಇವಳು ಏಳಕ್ಕೆಲ್ಲ ಲ್ಯಾಬಿಗೆ ಹೊರಡುತ್ತಾಳೆ, ಜನರ ರಕ್ತ ತೆಗೆಯುವ ಕೆಲಸ. ನಾನು ಮಾವನ ಹಿಂದೆ ಪಾತಿಗೆ. ಪಕ್ಕದ ಲಾರಿ ಸಾಹುಕಾರರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, "ಅಳಿಯ ಮನೆ ತೊಳಿಯ ಅಂತಾರೆ. ನೀವು ಹಿತ್ತಲನ್ನೂ ಬಿಡಲಿಲ್ವಲ್ಲ" ಎಂದರು. ನಕ್ಕೆ. ನಗದೆ ಏನು ಮಾಡಲಿ, ಮನೆಅಳಿಯ ಎಂದ ಮೇಲೆ ಚರ್ಮ ಸ್ವಲ್ಪ ದಪ್ಪ ಇರಬೇಕು.

ಆದರೆ ನಿಜ ಹೇಳಬೇಕೆಂದರೆ ಖುಷಿಯಾಗಿದ್ದೇನೆ. ಬೆಳಗ್ಗೆ ಎದ್ದ ಕೂಡಲೇ ಹಿತ್ತಲಿಗೆ ಹೋಗಬೇಕು ಅನ್ನಿಸುತ್ತದೆ. ಪ್ರೆಸ್ಸಿಗೆ ಹೋಗಬೇಕು ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಫೆಬ್ರವರಿ 12, ಸಂಜೆ

ಬಿಳಿ ಹೂ ಉದುರಿದ ಕಡೆಯೆಲ್ಲ ಗುಂಡುಪಿನ್ನಿನ ತಲೆಯಷ್ಟು ಕಾಯಿ. ನೋಡಿ ಸಂತೋಷವಾಯಿತು. ಹಿಂದೆಯೇ ಹೆದರಿಕೆಯೂ ಆಯಿತು.

ಯಾರೂ ಓದುವುದಿಲ್ಲವಲ್ಲ, ಬರೆದೇ ಬಿಡುತ್ತೇನೆ. ನನಗೆ ಕೆಂಪು ಯಾವುದು, ಹಸಿರು ಯಾವುದು ತಿಳಿಯುವುದಿಲ್ಲ. ಹುಟ್ಟಿನಿಂದ. ರೈಲ್ವೆ ಕೆಲಸಕ್ಕೆ ಹೋದಾಗ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು "ಎಷ್ಟು ಕಾಣ್ತಿದೆ ಓದಿ" ಎಂದಿದ್ದರು. ನಾನು "ಚುಕ್ಕಿ ಕಾಣ್ತಿದೆ ಸಾರ್" ಎಂದೆ. ಅಲ್ಲಿಗೆ ರೈಲು ಹೋಯಿತು. ಆಮೇಲೆ ಪ್ರೂಫ್ ಕೆಲಸ. ಬಿಳಿ ಕಾಗದ, ಕಪ್ಪು ಅಕ್ಷರ, ಅಲ್ಲಿ ನಾನೇ ರಾಜ. ಒಂದು ಸಲ ಮಾತ್ರ ಇಡೀ ಪುಸ್ತಕವನ್ನು ಕೆಂಪು ಎಂದುಕೊಂಡು ಹಸಿರು ಪೆನ್ನಿನಲ್ಲಿ ತಿದ್ದಿ ಕೊಟ್ಟಿದ್ದೆ. ಮಾಲೀಕರು "ಏನಯ್ಯಾ, ಹಸಿರು ಶಾಯಿಯ ಗೆಜೆಟೆಡ್ ಸಾಹೇಬರಾಗಿಬಿಟ್ಯಾ" ಎಂದು ನಕ್ಕು ಸುಮ್ಮನಾದರು.

ಇವಳಿಗೆ ಹೇಳಿಲ್ಲ. ಮದುವೆಗೆ ಮುಂಚೆ ಧೈರ್ಯ ಬರಲಿಲ್ಲ. ಮದುವೆಯಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದಾಳೆಂದು ಹೇಳಲಿಲ್ಲ. ಅದೃಷ್ಟಕ್ಕೆ ಇವಳು ಅಚ್ಚುಕಟ್ಟು ಹೆಂಗಸು. ನನ್ನ ಸಾಕ್ಸುಗಳನ್ನು ಜೋಡಿ ಜೋಡಿಯಾಗಿ ದಾರದಲ್ಲಿ ಕಟ್ಟಿಡುತ್ತಾಳೆ, ತಪ್ಪುವ ಮಾತೇ ಇಲ್ಲ. ಆದರೆ ಸ್ಟ್ರಾಬೆರಿಗೆ ಯಾರು ದಾರ ಕಟ್ಟುತ್ತಾರೆ? ಪೂರ್ತಿ ಬಿಳಿಯದಾದರೆ ನನಗೂ ಗೊತ್ತಾಗುತ್ತದೆ. ಅರೆಬಣ್ಣದ್ದು ಯಾವುದು, ತುಂಬುಬಣ್ಣದ್ದು ಯಾವುದು ಎಂದರೆ ಮುಗಿಯಿತು.

ಇನ್ನು ಮೂರು ವಾರ ಇದೆ. ನೋಡೋಣ.

ಫೆಬ್ರವರಿ 20

ಡಬ್ಬಿಗಳಿಗೆ ಅಂಟಿಸುವ ಲೇಬಲ್ ಬಂತು. ಇನ್ನೂರು. ಎಲ್ಲದರಲ್ಲೂ 'ಶುದ್ದ ಹಣ್ಣು'. ಹೊಟ್ಟೆ ಸೀಳದ 'ದ'. ನೋಡಿ ಮೈ ಉರಿಯಿತು. ಮಾವ "ತಿನ್ನೋರು ಹಣ್ಣು ತಿಂತಾರೆ, ಲೇಬಲ್ ಅಲ್ಲ" ಎಂದರು. ಕೇಳಲಿಲ್ಲ. ಸಣ್ಣ ಪೆನ್ನು ಹಿಡಿದು ಇನ್ನೂರಕ್ಕೂ ಹೊಟ್ಟೆ ಸೀಳಿ ಶುದ್ಧ ಮಾಡಿದೆ. ಮೂರು ಗಂಟೆ ಹಿಡಿಯಿತು.

ಅತ್ತೆ ಟೀ ತಂದಿಟ್ಟು ಸ್ವಲ್ಪ ಹೊತ್ತು ನಿಂತು ನೋಡಿದರು. "ಕಣ್ಣು ಚುರುಕಾಗಿದೆ ಅಳಿಯಂದ್ರದ್ದು" ಎಂದರು. ಟೀ ನೆತ್ತಿಗೇರಿತು.

ಮಾರ್ಚ್ 2, ಬೆಳಗ್ಗೆ 7.30

ಇವತ್ತು ಮೊದಲ ಕೊಯ್ಲು. ಮೊದಲ ಬೈಗುಳವೂ.

ಮಾವ ನಾಲ್ಕೂಮುಕ್ಕಾಲಿಗೆ ಎಬ್ಬಿಸಿದರು. ಈ ಮನೆಯಲ್ಲಿ ಹಣ್ಣು ಕೀಳುವುದು ಸೂರ್ಯ ಹುಟ್ಟುವ ಮುಂಚೆಯಂತೆ, ಮೊದಲಿನಿಂದಲೂ ಹಾಗೇ. ತಂಪಿನಲ್ಲಿ ಕಿತ್ತರೆ ಎರಡು ದಿನ ಹೆಚ್ಚು ತಾಳುತ್ತದೆ. ಸರಿ ಎಂದು ಟಾರ್ಚ್ ಹಾಕಿಕೊಂಡು ಹೋದೆ.

"ಆರಿಸಿ ಅದನ್ನ."

"ಕಾಣಲ್ವಲ್ಲ ಮಾವ."

"ಯಾರು ನೋಡು ಅಂದ್ರು? ಬೆಳಕಿಟ್ಕೊಂಡು ಕೀಳೋನು ಹಣ್ಣಿನ ಮುಖ ನೋಡಿ ಮೋಸ ಹೋಗ್ತಾನೆ. ಕೈ ಕೊಡಿ ಇಲ್ಲಿ."

ನನ್ನ ಕೈ ಹಿಡಿದು ಎಲೆಯ ಕೆಳಗೆ ಇಳಿಸಿದರು. ಹಣ್ಣಿನ ನೆತ್ತಿಯ ಮೇಲೆ ಎಲೆಯಂಥ ಒಂದು ಟೋಪಿ ಇರುತ್ತದೆ. ಕಾಯಿ ಇದ್ದಾಗ ಅದು ತಲೆಗೆ ಒತ್ತಿ ಕೂತಿರುತ್ತದೆ. ಹಣ್ಣು ತುಂಬಿದ ಮೇಲೆ ಅಂಚು ಮೇಲಕ್ಕೆ ಮಡಚುತ್ತದೆ. "ಟೋಪಿ ಎತ್ತಿ ನಮಸ್ಕಾರ ಮಾಡಿದ್ರೆ ಬಂತು ಅಂತ. ಒತ್ತಿ ಹಾಕ್ಕೊಂಡು ಕೂತಿದ್ರೆ ಇನ್ನೂ ಬರಬೇಕು. ನಮಗೇ ಟೋಪಿ ಹಾಕೋಕೆ ನೋಡ್ತಿದೆ ಅಂತ ತಿಳ್ಕೊಳ್ಳಿ." ಆಮೇಲೆ ಬೆರಳ ತುದಿಯಿಂದ ಕೆನ್ನೆ ಮುಟ್ಟಬೇಕು, ಬಗ್ಗಿ ಮೂಸಬೇಕು. ಕೊನೆಗೆ ಉಗುರಿನಿಂದ ತೊಟ್ಟು ಚಿವುಟಬೇಕು. ಬಂದ ಹಣ್ಣಿನ ತೊಟ್ಟು ಟಕ್ ಎನ್ನುತ್ತದೆ.

ಎರಡು ಬುಟ್ಟಿ. ಹಿಡಿಗೆ ಬಟ್ಟೆಯ ಗಂಟು ಕಟ್ಟಿರುವುದು ಬೇಕರಿಗೆ ಹೋಗುವ ಹಣ್ಣಿಗೆ, ಗಂಟಿಲ್ಲದ್ದು ಅತ್ತೆಯ ಜಾಮಿಗೆ. ಗಂಟಿನದು ಮಾವನದು, ಬೇರೆಯವರು ಹಿಡಿಯುವ ಹಾಗಿಲ್ಲ. ನನಗೆ ಬುಟ್ಟಿ ಇಲ್ಲ. ಕಿತ್ತದ್ದನ್ನು ಮಾವನ ಕೈಗೆ ಕೊಡಬೇಕು, ಅವರು ಮುಟ್ಟಿ ನೋಡಿ ಅಲ್ಲಿಗೋ ಇಲ್ಲಿಗೋ ಹಾಕುತ್ತಾರೆ.

ಎಪ್ಪತ್ತು ಹಣ್ಣು ಕೊಟ್ಟೆ. ಜಾಮಿಗೆ ಬಿದ್ದದ್ದು ಆರು ಮಾತ್ರ.

ಆರು. ಎಪ್ಪತ್ತರಲ್ಲಿ.

ಮಾರ್ಚ್ 3

ಇವತ್ತು ನಾಲ್ಕೇ ತಪ್ಪು. ಕತ್ತಲಲ್ಲಿ ಎಲ್ಲರೂ ಒಂದೇ, ನನಗೂ ಮಾವನಿಗೂ ವ್ಯತ್ಯಾಸವೇ ಇಲ್ಲ. ಈ ಮನೆಯ ಪದ್ಧತಿಯನ್ನು ನನಗೆಂದೇ ಯಾರೋ ಮಾಡಿಟ್ಟ ಹಾಗಿದೆ. ಇನ್ನೊಂದು ಸಂಗತಿ. ಮಾವ ಬಣ್ಣದ ಮಾತೇ ಎತ್ತುವುದಿಲ್ಲ. 'ಬಂದದ್ದು', 'ಬರಬೇಕಾದದ್ದು', ಅಷ್ಟೇ. 'ಕೆಂಪಾಗಿದೆಯಾ ನೋಡಿ' ಎಂದು ಒಂದು ಸಲ ಕೇಳಿದ್ದರೂ ನಾನು ಸಿಕ್ಕಿಬೀಳುತ್ತಿದ್ದೆ. ಬಚಾವು.

ಮಾರ್ಚ್ 6, ಮಧ್ಯಾಹ್ನ

ಡಾಕ್ಟರು ಹೇಳಿದ್ದಾರೆ, ಮಾವನ ಸವೆದ ಎಡಮಂಡಿಯ ಚಿಕಿತ್ಸೆಯನ್ನು ಇನ್ನು ಮುಂದೂಡಲಾಗುವುದಿಲ್ಲ. ಸೋಮವಾರ ಆಪರೇಷನ್. ಒಂಬತ್ತು ದಿನ ಆಸ್ಪತ್ರೆ, ಆಮೇಲೆ ಕೋಲು.

ಹಣ್ಣು ಸುರಿಯುವ ವಾರವೂ ಅದೇ. ಆ ಶನಿವಾರಕ್ಕೆ ಬೇಕರಿಯಕ್ಕನಿಗೆ ನಲವತ್ತು ಡಬ್ಬಿ ಕೊಡಬೇಕು, ಯಾರದೋ ಮದುವೆಯ ಕೇಕಿಗೆ. ಹನ್ನೊಂದು ವರ್ಷದಿಂದ ಮಾವನ ಹಣ್ಣು ಬಿಟ್ಟು ಬೇರೆಯದನ್ನು ಮುಟ್ಟಿದವರಲ್ಲ ಆ ಹೆಂಗಸು.

ಊಟದ ಹೊತ್ತಿಗೆ ಮಾವ ತಟ್ಟೆ ನೋಡುತ್ತ ಹೇಳಿದರು. "ಸಾಹುಕಾರರು ಮತ್ತೆ ಕೇಳಿದ್ರು. ಹಿತ್ತಲಿಗೆ ಸಿಮೆಂಟ್ ಹಾಕ್ಸಿ ಎರಡು ಲಾರಿ ನಿಲ್ಲಿಸ್ಕೊಳ್ತಾರಂತೆ. ಈ ಸಲದ ಹಣ್ಣು ನೆಟ್ಟಗೆ ಹೋಯ್ತೋ, ಸರಿ. ಇಲ್ಲಾಂದ್ರೆ ಕೊಟ್ಬಿಡ್ತೀನಿ. ಮಂಡಿ ಇಲ್ಲದೋನಿಗೆ ಪಾತಿ ಯಾಕೆ?"

ಇವಳು ನನ್ನ ಕಡೆ ನೋಡಿದಳು. "ನಾನಿದ್ದೀನಲ್ಲ ಮಾವ" ಎಂದೆ. ಎಂದುಬಿಟ್ಟೆ. ಎಂದ ಮೇಲೆ ಅನ್ನ ಕಲಸುತ್ತಲೇ ಕೂತೆ.

ಈ ಹಿತ್ತಲು ಹೋಗಬಾರದು. ಮೂವತ್ತನಾಲ್ಕು ವರ್ಷಕ್ಕೆ ಮೊದಲ ಸಲ ಒಂದು ಕೆಲಸದ ಮೇಲೆ ಆಸೆ ಹುಟ್ಟಿದೆ.

ಮಾರ್ಚ್ 10, ಸಂಜೆ 6

ಕೆಟ್ಟ ದಿನ. ಚೊಕ್ಕವಾಗಿ ಕೆಟ್ಟ ದಿನ.

ನಿನ್ನೆ ಮಾವನನ್ನು ಆಸ್ಪತ್ರೆಗೆ ಸೇರಿಸಿ ಅಲ್ಲೇ ಬೆಂಚಿನ ಮೇಲೆ ಮಲಗಿದ್ದೆ. ಬೆಳಗ್ಗೆ ಇವಳು ಬಂದಳು, ನಾನು ಮನೆಗೆ ಹೊರಟೆ. ತಲುಪಿದಾಗ ಎಂಟೂವರೆ. ಬಿಸಿಲು ಏರಿತ್ತು. ಇವತ್ತಿನ ಇಪ್ಪತ್ತು ಡಬ್ಬಿ ಮಧ್ಯಾಹ್ನದೊಳಗೆ ಬೇಕರಿಗೆ ಹೋಗಬೇಕು. ಬೆಳಕಿದೆಯಲ್ಲ, ಸುಲಭ ಅಂದುಕೊಂಡೆ. ಬೆಳಕಿದ್ದ ಮೇಲೆ ಮುಟ್ಟುವುದು ಯಾಕೆ, ಮೂಸುವುದು ಯಾಕೆ? ಹೊಳೆದದ್ದನ್ನೆಲ್ಲ ಕಿತ್ತೆ. ದಪ್ಪ ಇದ್ದದ್ದನ್ನೆಲ್ಲ ಕಿತ್ತೆ. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬೇಕರಿಯಕ್ಕ ಮೊದಲ ಡಬ್ಬಿ ತೆರೆದು ನನ್ನ ಮುಖ ನೋಡಿದರು. ಎರಡನೆಯದು ತೆರೆದರು. ಮೂರನೆಯದು ತೆರೆಯಲಿಲ್ಲ.

"ಅಣ್ಣ, ಇದೇನು ಉಪ್ಪಿನಕಾಯಿಗಾ?"

"ಯಾಕಕ್ಕ?"

"ಯಾಕಾ? ಭುಜ ಪೂರ್ತಿ ಹಸಿರು. ಇದರ ಹೊಟ್ಟೆ ನೋಡಿ, ಬೆಳ್ಳಗೆ. ಕಣ್ಣಿಗೆ ಕಾಣಲ್ವಾ?"

ಕಾಣುವುದಿಲ್ಲ ಎಂದು ಬಾಯಿಗೆ ಬಂದಿತ್ತು. "ಆಸ್ಪತ್ರೆ ಓಡಾಟ, ನಿದ್ದೆ ಇಲ್ಲ..." ಎಂದು ಏನೋ ಗೊಣಗಿದೆ. ಆಕೆ ಒಳ್ಳೆಯವರು, ದನಿ ಏರಿಸಲಿಲ್ಲ. "ಯಜಮಾನರಿಗೆ ಫೋನ್ ಮಾಡ್ಲಾ" ಎಂದರು. ಬೇಡ ಎಂದು ಕೈ ಮುಗಿದೆ. "ಬುಧವಾರ ಇನ್ನೊಂದು ಸಲ ತನ್ನಿ. ಸರಿ ಇಲ್ಲಾಂದ್ರೆ ಶನಿವಾರದ ಮದುವೆಗೆ ನಾನು ಬೇರೆ ಕಡೆ ಹೇಳ್ಬೇಕಾಗುತ್ತೆ. ಮದುಮಗಳ ಕೇಕು, ತಮಾಷೆ ಅಲ್ಲ."

ಇಪ್ಪತ್ತು ಡಬ್ಬಿ ಹೊತ್ತು ಮನೆಗೆ ಬಂದೆ. ಒಂದೊಂದರ ಮೇಲೂ ನಾನೇ ತಿದ್ದಿದ 'ಶುದ್ಧ ಹಣ್ಣು'. ಅಕ್ಷರ ಒಂದೂ ತಪ್ಪಿಲ್ಲ, ಹಣ್ಣು ಮಾತ್ರ ಎಲ್ಲ ತಪ್ಪು. ಅತ್ತೆ ಡಬ್ಬಿಗಳನ್ನು ತೆರೆದು ನೋಡಿ, ಏನೂ ಕೇಳದೆ ದೊಡ್ಡ ಪಾತ್ರೆ ಇಳಿಸಿದರು.

"ಸ್ವಲ್ಪ ಕಾಯಿ ಇದ್ರೇನೇ ಜಾಮ್ ಗಟ್ಟಿಯಾಗೋದು" ಎಂದರು.

ಆಪರೇಷನ್ ಚೆನ್ನಾಗಿ ಆಯಿತಂತೆ. ಇವಳ ಫೋನು. ಅದೊಂದು ಒಳ್ಳೆ ಸುದ್ದಿ. ಮಾವ ಎಚ್ಚರಾಗಿ ಕೇಳಿದ ಮೊದಲ ಮಾತು, "ಹಣ್ಣು ಹೋಯ್ತಾ?"

ಮಾರ್ಚ್ 12, ಬೆಳಗ್ಗೆ 10.40

ನಾಲ್ಕೂವರೆಗೆ ಎದ್ದೆ. ಟಾರ್ಚ್ ಮುಟ್ಟಲಿಲ್ಲ. ಗಂಟಿನ ಬುಟ್ಟಿಯನ್ನು, ಮನಸ್ಸಿನಲ್ಲೇ ಮಾವನನ್ನು ಕೇಳಿ, ತೆಗೆದುಕೊಂಡೆ.

ಮೊದಲ ಪಾತಿಯಲ್ಲಿ ಒಂದೊಂದನ್ನೂ ಎರಡೆರಡು ಸಲ ಮುಟ್ಟಿದೆ. ಪಕ್ಕದಲ್ಲಿ ಮುಟ್ಟಿ ನೋಡುವವರಿಲ್ಲ. ಆಮೇಲೆ ಪ್ರೆಸ್ಸಿನ ಒಂದು ಉಪಾಯ ನೆನಪಾಯಿತು. ದೊಡ್ಡ ಪುಸ್ತಕದ ಪ್ರೂಫನ್ನು ಕೊನೆಯಿಂದ ಮೊದಲಿಗೆ ಓದುತ್ತಿದ್ದೆ, ಒಂದೊಂದೇ ಪದ. ಕಥೆಯ ಹಿಂದೆ ಓಡಿದರೆ ತಪ್ಪು ತಪ್ಪಿಸಿಕೊಳ್ಳುತ್ತದೆ, ಪದ ಪದ ನಿಂತು ನೋಡಿದರೆ ಸಿಕ್ಕಿಬೀಳುತ್ತದೆ. ಹಾಗೇ ಮಾಡಿದೆ. ಬುಟ್ಟಿ ತುಂಬುವ ಯೋಚನೆ ಬಿಟ್ಟೆ. ಒಂದು ಹಣ್ಣು. ಟೋಪಿ, ಕೆನ್ನೆ, ವಾಸನೆ, ಟಕ್. ಮುಂದಿನ ಹಣ್ಣು. ಅನುಮಾನ ಬಂದರೆ ಅಲ್ಲೇ ಬಿಟ್ಟೆ, ನಾಳೆಯೂ ಬೆಳಗಾಗುತ್ತದೆ.

ಆರನೇ ಪಾತಿಗೆ ಬರುವಾಗ ಹಿಂಬಾಗಿಲು ಕಿರ್ ಎಂದಿತು. ಅತ್ತೆ.

"ದೀಪ ಹಾಕ್ಲಾ ಅಳಿಯಂದ್ರೇ?"

"ಬೇಡ ಅತ್ತೆ. ಮಾವ ಬೈತಾರೆ."

"ಹೂಂ" ಎಂದರು. ಆ 'ಹೂಂ'ನಲ್ಲಿ ನಗು ಇತ್ತೋ, ನನ್ನ ಭ್ರಮೆಯೋ. ಮೆಟ್ಟಿಲ ಮೇಲೆ ಕೂತು ನಾನು ಮುಗಿಸುವವರೆಗೂ ಡಬ್ಬಿ ಜೋಡಿಸಿದರು.

ತುಂಬಿದ್ದು ಹತ್ತೇ ಡಬ್ಬಿ. ಬೇಕರಿಯಕ್ಕ ಹತ್ತನ್ನೂ ತೆರೆದರು. ನಾನು ಗೋಡೆಯ ಗಡಿಯಾರ ನೋಡುತ್ತ ನಿಂತೆ. ಒಂದೇ ಒಂದು ಹಣ್ಣು ತೆಗೆದು ಪಕ್ಕಕ್ಕಿಟ್ಟರು, ಆಮೇಲೆ ಅದನ್ನೂ ಬಾಯಿಗೆ ಹಾಕಿಕೊಂಡರು.

"ಮೊನ್ನೆ ಏನಾಗಿತ್ತು ನಿಮಗೆ?"

"ಬೆಳಕು ಜಾಸ್ತಿ ಇತ್ತು" ಎಂದೆ. ಆಕೆಗೆ ಅರ್ಥವಾಗಲಿಲ್ಲ. ಪರವಾಗಿಲ್ಲ. ಶನಿವಾರದ ನಲವತ್ತು ನನಗೇ.

ಮಾರ್ಚ್ 13, ಮಧ್ಯಾಹ್ನ, ಆಸ್ಪತ್ರೆಯ ಬೆಂಚು

ನಡೆದದ್ದನ್ನು ನಡೆದ ಹಾಗೇ ಬರೆಯಬೇಕು. ನಗು ಇನ್ನೂ ನಿಂತಿಲ್ಲ.

ನರ್ಸಮ್ಮ ಒಂದು ಬಟ್ಟಲಲ್ಲಿ ಎರಡು ಮಾತ್ರೆ ಇಟ್ಟು ಹೋದರು. "ಕೆಂಪು ಊಟಕ್ಕೆ ಮುಂಚೆ, ಹಸಿರು ಊಟ ಆದ್ಮೇಲೆ." ಎರಡೂ ಒಂದೇ ಗಾತ್ರ. ಮಾವ ಬಟ್ಟಲು ನೋಡಿದರು. ನನ್ನನ್ನು ನೋಡಿದರು.

"ಮುಂಚಿಂದು ಕೊಡಿ ಅಳಿಯಂದ್ರೇ. ಕನ್ನಡಕ ಇಲ್ಲ."

ಕನ್ನಡಕ ಮೂಗಿನ ಮೇಲೇ ಇತ್ತು.

ನಾನು ಬಟ್ಟಲು ಎತ್ತಿಕೊಂಡೆ. ಕಿಟಕಿಯ ಹತ್ತಿರ ಹೋದೆ. ತಿರುಗಿಸಿ ನೋಡಿದೆ. "ನೀವೇ ತಗೊಳ್ಳಿ ಮಾವ, ನನ್ನ ಕೈ ತೊಳೆದಿಲ್ಲ."

"ಪರವಾಗಿಲ್ಲ, ಕೊಡಿ."

"ಇಲ್ಲ ಮಾವ, ಆಸ್ಪತ್ರೆ..."

ಬಟ್ಟಲು ಆ ಕಡೆ ಹೋಯಿತು, ಈ ಕಡೆ ಬಂತು. ಮಾವ ಮಾತ್ರೆಯೊಂದನ್ನು ಎತ್ತಿ ಮೂಸಿದರು. ಬೆರಳ ತುದಿಯಲ್ಲಿ ಅದರ ಕೆನ್ನೆ ಸವರಿದರು. ಇಬ್ಬರೂ ಒಂದೇ ಸಲ ಹೇಳಿದೆವು, "ನರ್ಸನ್ನ ಕರೀರಿ."

ಆಮೇಲೆ ತುಂಬ ಹೊತ್ತು ಇಬ್ಬರೂ ಕಿಟಕಿ ಹೊರಗೆ ನೋಡಿದೆವು.

ಬಣ್ಣ ಕೇಳಿದಾಗ ಕನ್ನಡಕ ಇಲ್ಲ ಎನ್ನುವುದು, ಬಟ್ಟಲನ್ನು ಪಕ್ಕದವರ ಕೈಗೆ ದಾಟಿಸುವುದು... ಇವೆಲ್ಲ ನನ್ನ ಉಪಾಯಗಳು. ಒಂದೊಂದೂ ನನ್ನವೇ. ಕತ್ತಲಲ್ಲಿ ಕೊಯ್ಲು, ಟಾರ್ಚಿಗೆ ಬೈಗುಳ, 'ಬಂದದ್ದು, ಬರಬೇಕಾದದ್ದು'. ಅಯ್ಯೋ ದೇವರೇ. ಮಾವನೂ.

ಮಾರ್ಚ್ 14, ಸಂಜೆ 7

ಇವಳಿಗೆ ಹೇಳಿಬಿಟ್ಟೆ. ಮಾವನ ಸುದ್ದಿ ಅಲ್ಲ, ಅದು ಅವರ ಗುಟ್ಟು. ನನ್ನದು. ಬಟ್ಟೆ ಮಡಚುತ್ತಿದ್ದಳು. ಪೀಠಿಕೆಯೇ ಹತ್ತು ನಿಮಿಷ ಆಯಿತು. ರೈಲ್ವೆ ಡಾಕ್ಟರಿಂದ ಶುರು ಮಾಡಿ ಸೋಮವಾರದ ಉಪ್ಪಿನಕಾಯಿವರೆಗೆ. ಮುಗಿಸಿ ತಲೆ ತಗ್ಗಿಸಿ ಕೂತೆ.

ಅವಳು ಮಡಚುವುದನ್ನು ನಿಲ್ಲಿಸಲೇ ಇಲ್ಲ. "ಗೊತ್ತು ರೀ."

"ಏನು ಗೊತ್ತು?"

"ಮದುವೆ ದಿನ ರಿಜಿಸ್ಟ್ರಾರ್ ಆಫೀಸಿಗೆ ಒಂದು ಕಾಲಿಗೆ ಕಂದು ಸಾಕ್ಸ್, ಇನ್ನೊಂದಕ್ಕೆ ಹಸಿರು ಹಾಕ್ಕೊಂಡ್ ಬಂದಿದ್ರಿ. ಫೋಟೋದಲ್ಲೂ ಇದೆ. ಸುಮ್ನೆ ದಾರ ಕಟ್ಟಿಡ್ತೀನಾ ನಾನು?"

ಅಚ್ಚುಕಟ್ಟು ಹೆಂಗಸು ಎಂದು ಇದೇ ಪುಸ್ತಕದಲ್ಲಿ ಬರೆದಿದ್ದೇನೆ.

"ಅಪ್ಪನ ಜೊತೆ ಬೆಳೆದೋಳು ನಾನು. ಇಂಥೋರು ಹೇಗೆ ತಪ್ಪಿಸ್ಕೊಳ್ತಾರೆ ಅಂತ ಗೊತ್ತಾಗಲ್ವಾ?"

ಮಾವನ ವಿಷಯ ಅತ್ತೆಗೆ ಮದುವೆಯಾದ ಎರಡನೇ ವಾರವೇ ತಿಳಿಯಿತಂತೆ. ಬುಟ್ಟಿಯ ಗಂಟು, ಬೇರೆ ಬೇರೆ ಆಕಾರದ ಔಷಧಿ ಬಾಟಲಿ, ಟವೆಲ್ಲಿನ ಮೂಲೆಯ ಹೊಲಿಗೆ, ಎಲ್ಲ ಅತ್ತೆಯ ಕೆಲಸ. ಮೂವತ್ತಾರು ವರ್ಷದಿಂದ. ಮಾವನಿಗೆ ಮಾತ್ರ ಯಾರಿಗೂ ಗೊತ್ತಿಲ್ಲ ಎಂದೇ ನಂಬಿಕೆ.

"ನಮಗೆ ಗೊತ್ತು ಅಂತ ಅಪ್ಪನಿಗೆ ಹೇಳ್ಬಿಟ್ಟೀರಿ ಮತ್ತೆ. ಪಾಪ, ಎಷ್ಟು ಕಷ್ಟಪಟ್ಟು ಮುಚ್ಚಿಟ್ಕೊಂಡಿದ್ದಾರೆ."

"ಗೊತ್ತಿದ್ದೂ ನನ್ನನ್ನ ಯಾಕೆ ಮದುವೆಯಾದೆ?"

"ಮನೇಲಿ ಅಭ್ಯಾಸ ಇತ್ತಲ್ಲ" ಎಂದಳು. ಒಂದು ಸಾಕ್ಸ್ ಜೋಡಿ ನನ್ನ ಮೇಲೆ ಎಸೆದಳು, ದಾರ ಕಟ್ಟಿದ್ದು.

ಎದೆಯ ಮೇಲಿಂದ ಇಳಿದ ಭಾರ ಎಷ್ಟು ಎಂದು ಬರೆಯಲು ಬರುವುದಿಲ್ಲ. ಎರಡು ತುತ್ತು ಹೆಚ್ಚು ಉಂಡೆ. ನಾಳೆ ನಲವತ್ತು ಡಬ್ಬಿ.

ಮಾರ್ಚ್ 15, ಮಧ್ಯಾಹ್ನ 1

ನಾಲ್ಕಕ್ಕೇ ಶುರು. ನಾನು ಕೀಳುವುದು, ಇವಳು ರಜಾ ಹಾಕಿ ಡಬ್ಬಿ ತುಂಬುವುದು, ಅತ್ತೆ ಮೆಟ್ಟಿಲ ಮೇಲೆ. ಬೆಳಕು ಹರಿಯುವ ಹೊತ್ತಿಗೆ ಮೂವತ್ತೇಳು. ಅನುಮಾನದವು ಗಿಡದಲ್ಲೇ ಉಳಿದವು. ಇನ್ನು ಮೂರು ಡಬ್ಬಿಗೆ ಏನು ಮಾಡುವುದು? ಇವಳು "ಬೆಳಕಾಯ್ತಲ್ಲ, ನಾನು ನೋಡಿ ಹೇಳ್ಲಾ" ಎಂದಳು. ಬೇಡ ಎಂದೆ. ಕಣ್ಣು ಮುಚ್ಚಿಕೊಂಡು ಹನ್ನೆರಡನೇ ಪಾತಿಗೆ ಮತ್ತೆ ಕೂತೆ. ಸಾಹುಕಾರರು ಕಾಂಪೌಂಡಿನ ಮೇಲಿಂದ ನೋಡಿ, "ಅಳಿಯಂದ್ರು ಪಾತೀಲೇ ನಿದ್ದೆ ಹೋಗಿದ್ದಾರೆ" ಎಂದು ಇಡೀ ಬೀದಿಗೆ ಸಾರಿದರು.

ನಲವತ್ತು ಹೋಯಿತು. ಒಂದೂ ವಾಪಸ್ ಬರಲಿಲ್ಲ. ಬೇಕರಿಯಕ್ಕ ಕೇಕಿನ ಅಂಚು ಕತ್ತರಿಸಿದ ಚೂರುಗಳನ್ನು ಪೊಟ್ಟಣ ಕಟ್ಟಿ ಕೊಟ್ಟರು. ಮಾವನಿಗೆ ತೆಗೆದುಕೊಂಡು ಹೋಗಿ ಕೊಟ್ಟೆ. "ಎಷ್ಟು ವಾಪಸ್" ಎಂದರು. "ಇಲ್ಲ" ಎಂದೆ. "ಇಲ್ಲ ಅಂದ್ರೆ?" "ಇಲ್ಲ ಅಂದ್ರೆ ಇಲ್ಲ ಮಾವ." ಗೋಡೆ ಕಡೆ ಮುಖ ಮಾಡಿ ಕೇಕು ತಿಂದರು.

ಮಾರ್ಚ್ 18

ಮಾವ ಮನೆಗೆ ಬಂದರು. ಕೋಲು, ಉಣ್ಣೆ ಟೋಪಿ, ಬಂದ ಕೂಡಲೇ ಹಿತ್ತಲಿನ ತಪಾಸಣೆ. ಎಂಟನೇ ಪಾತಿಗೆ ನೀರು ಕಡಿಮೆಯಂತೆ. ಕಡಿಮೆಯೇ. ನೋಡದೆ, ಕೋಲಿನ ತುದಿ ಮಣ್ಣಿಗೆ ಒತ್ತಿ ಹೇಳಿದರು. ಸಾಹುಕಾರರಿಗೆ ಇನ್ನೂ ಏನೂ ಹೇಳಿಲ್ಲ. ಕೇಳಲು ನನಗೂ ಬಾಯಿ ಬರುತ್ತಿಲ್ಲ.

ಮಾರ್ಚ್ 22, ಬೆಳಗ್ಗೆ 7.20

ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಯೆಲ್ಲ ಹಣ್ಣಿನ ರಸ. ಪುಟಕ್ಕೂ ಅಂಟಿತು. ಯಾವ ಬಣ್ಣ ಎಂದು ಕೇಳಬೇಡಿ.

ಐದಕ್ಕೆ ಹೋದಾಗ ಮಾವ ಆಗಲೇ ಪಾತಿಯ ನಡುವೆ ಸ್ಟೂಲ್ ಹಾಕಿಕೊಂಡು ಕೂತಿದ್ದರು, ಮಡಿಲಲ್ಲಿ ಗಂಟಿನ ಬುಟ್ಟಿ. ನಾನು ಕಿತ್ತು ಕೊಡುತ್ತಾ ಹೋದೆ. ಮೊದಲ ಹತ್ತನ್ನು ಮುಟ್ಟಿ ನೋಡಿದರು. ಆಮೇಲೆ ಮುಟ್ಟಿ ನೋಡುವುದನ್ನು ಬಿಟ್ಟು ಸೀದಾ ಬುಟ್ಟಿಗೆ ಹಾಕತೊಡಗಿದರು. ಅದು ನನಗೆ ಗೊತ್ತಾದದ್ದು ಸದ್ದಿನಿಂದ. ಕತ್ತಲಿತ್ತು, ಒಳ್ಳೆಯದಾಯಿತು.

ನಾಲ್ಕನೇ ಪಾತಿ ಮುಗಿಯುವಾಗ ಮಾವ ತಲೆಯ ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು. ಹಿತ್ತಲಲ್ಲಿ ಅವರ ಬರಿತಲೆ ನಾನು ನೋಡಿರಲಿಲ್ಲ.

"ಒಂದು ವಿಷಯ ಹೇಳ್ಬೇಕು. ನನಗೆ ಹಣ್ಣಿನ ಬಣ್ಣ ಕಾಣಲ್ಲ."

"ಮಾವ, ನನಗೂ..."

"ಗೊತ್ತು. ಮಾತ್ರೆ ದಿನವೇ ಗೊತ್ತಾಯ್ತು. ಹಾವಿನ ಹೆಜ್ಜೆ ಹಾವಿಗೆ ತಿಳಿಯಲ್ವಾ?" ಮಡಿಲಿನ ಬುಟ್ಟಿಯ ಗಂಟು ಬಿಗಿ ಮಾಡಿದರು. "ಸಾಹುಕಾರರಿಗೆ ಆಗಲ್ಲ ಅಂತ ನಿನ್ನೆ ಹೇಳ್ಬಿಟ್ಟೆ. ಬೇರೆ ಕಡೆ ನಿಲ್ಲಿಸ್ಕೊಳ್ಳಲಿ ಲಾರಿ. ಗಿಡ ಬಳ್ಳಿ ಬಿಡೋಕೆ ಶುರುವಾದ್ಮೇಲೆ ಅದರಿಂದ ಮುಂದಿನ ವರ್ಷದ ಸಸಿ ಎಬ್ಬಿಸೋದು ನಿಮ್ಮ ಕೆಲಸ. ನಾನು ಇಲ್ಲೇ ಕೂತು ಬೈತಿರ್ತೀನಿ."

'ಆಗಲಿ ಮಾವ' ಎಂದೆ. ಇನ್ನೊಂದು ಹಣ್ಣು ಕಿತ್ತು ಕೊಟ್ಟೆ.

ಆಮೇಲೆ ಮಾವ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು, "ಇದು ನಮ್ಮಿಬ್ಬರಲ್ಲೇ ಇರ್ಲಿ. ಹೆಂಗಸರಿಗೆ ಗೊತ್ತಾಗೋದು ಬೇಡ. ನಿಮ್ಮತ್ತೆಗೆ ಮೂವತ್ತಾರು ವರ್ಷದಿಂದ ಟೋಪಿ ಹಾಕ್ಕೊಂಡು ಬಂದಿದ್ದೀನಿ. ಏನೂ ತಿಳಿಯದೋಳು, ಪಾಪ."

ಹಿಂಬಾಗಿಲಲ್ಲಿ ಅತ್ತೆ ಕೆಮ್ಮಿದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಆಣೆ ಮಾಡಿ" ಎಂದರು ಮಾವ. ಮಾಡಿದೆ. ನಗು ತಡೆಯಲು ಒಂದು ಹಣ್ಣನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳಬೇಕಾಯಿತು. ಮಾವ ಖುಷಿಯಿಂದ ಟೋಪಿ ಮತ್ತೆ ಕಿವಿಯವರೆಗೆ ಎಳೆದುಕೊಂಡು ಕೂತರು.

ಈಗ ಅತ್ತೆ ಒಳಗಿಂದ ಕರೆಯುತ್ತಿದ್ದಾರೆ. ಅಂಗಡಿಯಿಂದ ಹೊಸ ಬುಟ್ಟಿ ತಂದಿದ್ದಾರಂತೆ, ಹಿಡಿಗೆ ಬಟ್ಟೆ ಸುತ್ತುತ್ತಿದ್ದಾರೆ. ಇಲ್ಲಿಂದಲೇ ಕಾಣುತ್ತದೆ, ಒಂದಲ್ಲ, ಎರಡು ಗಂಟು.

"ಒಂದು ಗಂಟಿಂದು ನಿಮ್ಮ ಮಾವಂದು ಅಳಿಯಂದ್ರೇ, ಮರೀಬೇಡಿ. ಎರಡು ಗಂಟಿಂದು ಇನ್ಮೇಲೆ—"